ನಿಂತಂತೆ ಕಂಡ ಗಾಲಿ

ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದೆ,
ಹಯಾತ್ ಸಾಬರ ಹುರಿ ಮಿಷನ್ ಶೆಡ್ಡು.
ಕಿಟಕಿಗೆಲ್ಲ ಗೋಣಿಚೀಲ,
ಗಾಳಿ ಬಂದರೆ ಎಳೆ ಹರಿಯುತ್ತದೆ ಅಂತ.
ಅಲ್ಲಿಗೆ ಟ್ಯೂಬು ಕಟ್ಟಿದವನು ನಾನೇ,
ಹನ್ನೊಂದು ವರ್ಷದ ಕೆಳಗೆ, ಒಂದೇ ಮಧ್ಯಾಹ್ನದಲ್ಲಿ,
ಐದನ್ನೂ ಒಂದೇ ಫೇಸಿನಿಂದ ಎಳೆದು.
ವೈರು ಉಳಿಸಿದ್ದಕ್ಕೆ ಶಭಾಷ್ ಅಂದಿದ್ದರು,
ಬಿರಿಯಾನಿ ತಿನ್ನಿಸಿದ್ದರು.

ನಾರೆಮ್ಮನ ಬಲಗೈಯ ಎರಡು ಬೆರಳು ಹೋದ ರಾತ್ರಿ
ಎಲ್ಲರ ಬಾಯಲ್ಲೂ ಒಂದೇ ಮಾತು: ನಿದ್ದೆಗಣ್ಣು.
ಸಾಬರು ಅಂದರು, ಮೇಸ್ತ್ರಿ ಅಂದ,
ಆಸ್ಪತ್ರೆ ಚೀಟಿಯೂ ಹೆಚ್ಚುಕಡಿಮೆ ಅದನ್ನೇ ಅಂದಿತು.
ಅವಳು ಮಾತ್ರ ಬ್ಯಾಂಡೇಜನ್ನು ಎದೆಗೊತ್ತಿಕೊಂಡು
ತೆಲುಗಲ್ಲಿ ಅಂದಳು, ‘ನಿಲಬಡೇ ಉಂಡೆ ಕದಪ್ಪಾ.’
ನಿಂತೇ ಇತ್ತಲ್ಲಪ್ಪಾ.
ನಿಂತ ಗಾಲಿಗೆ ಸುತ್ತಿದ್ದ ನೂಲು ಬಿಡಿಸಕ್ಕೆ ಹೋದೆ.
ಎಂಟು ಮಿಷನ್ನಿನ ಗದ್ದಲದಲ್ಲಿ
ಯಾವುದು ಓಡುತ್ತಿದೆ, ಯಾವುದು ಇಲ್ಲ,
ಕಿವಿಗೆ ಹೇಗೆ ತಿಳಿಯಬೇಕು?
ನಾನು ನಗಲಿಲ್ಲ. ನಂಬಲೂ ಇಲ್ಲ.

ತಿಂಗಳ ಮೇಲೆ, ಒಂದು ಸೋಮವಾರ ಸಂಜೆ,
ಚೋಕು ಬದಲಿಸಲು ಹತ್ತಿದ್ದೆ.
ಏಣಿಯ ನಾಲ್ಕನೇ ಮೆಟ್ಟಿಲಿಂದ ತಿರುಗಿ ನೋಡಿದರೆ
ಮೂರನೇ ಮೋಟಾರಿನ ಪುಲ್ಲಿ, ನಾಲ್ಕು ಕೈಯದ್ದು,
ತೆಪ್ಪಗೆ ನಿಂತಿದೆ.
ಪೂರಾ ನಿಂತೂ ಇಲ್ಲ. ಉಂಡು ಅಡ್ಡಾಡುವ ಮುದುಕನ ಹಾಗೆ
ಮೆಲ್ಲಗೆ, ಹಿಂದಕ್ಕೆ, ಹೆಜ್ಜೆ ಹಾಕುತ್ತಿದೆ.
ಕಿವಿಯ ಮೇಲಿನ ಬೀಡಿ ತೆಗೆದು ಅದರ ಮೇಲೆಸೆದೆ.

ಬೀಡಿ ಇರಲಿಲ್ಲ.
ಗೋಡೆಗೆ ಒಂದಿಷ್ಟು ಹೊಗೆಸೊಪ್ಪು.

ಐಟಿಐಯಲ್ಲಿ ಓದಿದ್ದೆ. ಐದು ಮಾರ್ಕಿನ ಪ್ರಶ್ನೆ,
ಬರೆದು ನಾಲ್ಕು ತಗೊಂಡಿದ್ದೆ:
ಟ್ಯೂಬು ಒಂದೇ ಸಮ ಉರಿಯದು, ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ.
ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ
ಗಾಲಿಯ ಒಂದು ಕೈ ಇನ್ನೊಂದರ ಜಾಗಕ್ಕೆ ಬಂದು
ಕೂತುಬಿಡುತ್ತದೆ, ಬಸ್ಸಿನಲ್ಲಿ ಸೀಟು ಹಿಡಿದವನ ಹಾಗೆ,
ಏನೂ ಗೊತ್ತಿಲ್ಲದ ಮುಖ ಹೊತ್ತು.
ಹೋದ ಆ ಒಂದು ಮಾರ್ಕು
ಯಾತಕ್ಕೆ ಹೋಯಿತೋ, ಮೇಷ್ಟ್ರು ಹೇಳಿರಲಿಲ್ಲ.

ಕತ್ತಲೆಯಾದರೆ ತಡವರಿಸು ಅನ್ನುತ್ತದೆ,
ಗೋಡೆ ಹಿಡಿದು ನಡಿ ಅನ್ನುತ್ತದೆ.
ಅವಳಿಗೆ ಸುಳ್ಳು ಹೇಳಿದ್ದು ಬೆಳಕು,
ನಾನು ಕಟ್ಟಿದ ಬೆಳಕು.

‘ಇಷ್ಟು ಬೆಳ್ಳಗಿದೆಯಲ್ಲೋ, ಇನ್ನೇನು ಬೇಕು?’
ಸಾಬರಿಗೆ ಇನ್ನೊಂದು ಬೀಡಿ ಎಸೆದು ತೋರಿಸಿದೆ.
ಸುಮಾರು ಹೊತ್ತು ಮಾತಾಡಲಿಲ್ಲ.
ಆಮೇಲೆ, ‘ಹಬ್ಬ ಕಳೀಲಿ’ ಅಂದರು.
ಹಬ್ಬದ ತನಕ ಗಾಲಿಗೆ ಯಾರು ಹೇಳುತ್ತಾರೆ?
ವೈರು ಸಾಲದಲ್ಲಿ ತಂದೆ.
ಮೋಟಾರಿಗೆ ಬರುವ ಮೂರೂ ಫೇಸನ್ನು ಟ್ಯೂಬಿಗೂ ಹಂಚಿದೆ,
ಒಂದು ಕಣ್ಣು ಮುಚ್ಚಿದರೆ ಪಕ್ಕದ್ದು ತೆರೆದಿರಲಿ ಅಂತ.
ಪ್ರತಿ ಪುಲ್ಲಿಯ ಮೇಲೂ ಒಂದು ಹಳೇ ಬಲ್ಬು,
ಹಳದಿ, ಆರಿದರೂ ತುಸು ಹೊತ್ತು ಕೆಂಪಗಿರುವಂಥದ್ದು.
ಗೋಣಿ ಕಿತ್ತು ಗಾಜು ಕೂರಿಸಿದೆ.
ಜಾಲರಿ ಮಾತ್ರ ಸಾಬರೇ ಹೊಡೆಸಿದರು,
ರೇಟು ಕೇಳದೆ. ಅದನ್ನೂ ಹೇಳಬೇಕು.

ನಾರೆಮ್ಮ ಬಂದಳು, ಯುಗಾದಿ ಕಳೆದು.
ಎಡಗೈಯಲ್ಲಿ ಬಾಬಿನ್ ಜೋಡಿಸುವ ಕೆಲಸ,
ಕೂಲಿ ಮೂವತ್ತು ರೂಪಾಯಿ ಕಮ್ಮಿ.
ಮೂರನೇ ಮೋಟಾರಿನ ಮುಂದೆ ನಿಂತು ನೋಡಿದಳು.
ಕೈಗಳಿಲ್ಲ, ಗಾಲಿಯೂ ಇಲ್ಲ,
ಜಾಲರಿಯ ಹಿಂದೆ ಬೂದಿ ಬಣ್ಣದ ಒಂದು ಸುಳಿ.
‘ಈಗ ಓಡ್ತಾ ಐತೆ’ ಅಂದಳು ಮೇಸ್ತ್ರಿಗೆ,
ಇಡೀ ಶೆಡ್ಡಿಗೆ ಕೇಳುವಂತೆ.

ನನಗೆ ಟೀ ತರಿಸಿದಳು.
ಲೋಟ ಕೊಟ್ಟ ಕೈ ಬಲಗೈ.
ಮೊದಲು ಕಟ್ಟಿದವನೂ ನಾನೇ ಅಂತ
ಹೇಳಬೇಕೆಂದಿದ್ದೆ.
ಟೀ ಬಿಸಿಯಿತ್ತು, ಊದುತ್ತ ಕೂತೆ.